ಟಿ.ಸಿ. ಸಿಕ್ಕವರು, ಸೀಟು ಸಿಗದವರು

(ಇಂಡಿಯಾನಾದ ಕನ್ನಡ ಕುಟುಂಬಗಳು ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬರುವಾಗ ದಾರಿಯುದ್ದಕ್ಕೂ ಮನೆಗಳ ಮುಂದೆ ಇಂಡಿಯಾನಾ ಯೂನಿವರ್ಸಿಟಿಯ ಕೆಂಪು ಬಾವುಟ ಕಂಡವು. ಒಂದಲ್ಲ, ಎರಡಲ್ಲ. ಇಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುವ ಮಕ್ಕಳ ಮೈಮೇಲೂ ಅದೇ ಕೆಂಪು ಜೆರ್ಸಿ. ನಾನು ಈ ರಾಜ್ಯಕ್ಕೆ ಬಂದು 19 ವರ್ಷ ಆಯಿತು. ಯೂನಿವರ್ಸಿಟಿ ಇರುವ ಬ್ಲೂಮಿಂಗ್ಟನ್‌ನವರು ಬ್ಯಾಸ್ಕೆಟ್‌ಬಾಲ್ ಅಂದರೆ ಪ್ರಾಣ ಬಿಡುತ್ತಿದ್ದರು. ಫುಟ್‌ಬಾಲ್ ಅಂದರೆ ಸುಮ್ನೆ ಒಂದು ಶನಿವಾರ ಕಳೆಯೋದು, ಅಷ್ಟೇ. 2023ರಲ್ಲಿ ನಮ್ಮ ತಂಡ 12 ಆಟ ಆಡಿ ಮೂರರಲ್ಲಿ ಗೆದ್ದಿತ್ತು. ಅಲ್ಲಿಯವರೆಗಿನ ಇತಿಹಾಸದಲ್ಲಿ ಒಂದೇ ಸೀಸನ್‌ನಲ್ಲಿ ಹತ್ತು ಆಟ ಗೆದ್ದ ದಾಖಲೆಯೇ ಇರಲಿಲ್ಲ.

2026ರ ಜನವರಿ 19ರ ರಾತ್ರಿ ಅದೇ ತಂಡ ಮಯಾಮಿ ಯೂನಿವರ್ಸಿಟಿಯನ್ನು 27–21ರಲ್ಲಿ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. 16 ಆಟ, 16 ಗೆಲುವು.

ನನ್ನ ಹೆಂಡತಿ ಆ ರಾತ್ರಿ ಕೇಳಿದಳು, 'ಎರಡೇ ವರ್ಷದಲ್ಲಿ ಈ ಹುಡುಗರು ಇಷ್ಟು ಕಲಿತರಾ?' ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ. ಹುಡುಗರು ಬೇರೆಯವರು. ಅಂದಿನ ತಂಡದ ಕೆಲವರು ಉಳಿದಿದ್ದಾರೆ, ನಿಜ. ಆದರೆ ಮುಖ್ಯ ಜಾಗಗಳಲ್ಲಿ ಆಡಿದ ಎಷ್ಟೋ ಜನ ಬೇರೆ ಕಾಲೇಜಿನಲ್ಲಿ ಓದುತ್ತಾ, ಆಡುತ್ತಾ ಇದ್ದವರು. ಅಲ್ಲಿಂದ ಟಿ.ಸಿ. ತಗೊಂಡು ಇಲ್ಲಿಗೆ ಬಂದವರು. ಇದು ಇಂಡಿಯಾನಾ ಒಂದರ ಕಥೆಯೂ ಅಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್ ಇವತ್ತು ನಡೆಯುತ್ತಿರುವುದೇ ಹೀಗೆ.

ಫುಟ್‌ಬಾಲ್ ನೋಡದವರಿಗಾಗಿ ಒಂದೆರಡು ಮಾತು ಹೇಳಿಬಿಡುತ್ತೇನೆ. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿ ಆಡುವ ಅಮೆರಿಕನ್ ಫುಟ್‌ಬಾಲ್. ಇಲ್ಲಿ ಕಾಲೇಜು ಆಟಕ್ಕೆ ಊರಿಗೆ ಊರೇ ಬರುತ್ತದೆ. ಒಬ್ಬ ಆಟಗಾರನಿಗೆ ಸಾಮಾನ್ಯವಾಗಿ ಐದು ವರ್ಷದ ಒಳಗೆ ನಾಲ್ಕು ಸೀಸನ್ ಆಡಲು ಅವಕಾಶ. ಮೊದಲೆಲ್ಲ ತಂಡ ಕಟ್ಟುವ ರೀತಿ ಒಂದೇ ಇತ್ತು. ಕೋಚ್‌ಗಳು ಹೈಸ್ಕೂಲುಗಳಿಗೆ ಹೋಗುತ್ತಿದ್ದರು. ಶುಕ್ರವಾರ ರಾತ್ರಿಯ ಆಟ ನೋಡುತ್ತಿದ್ದರು. ಹುಡುಗನ ಮನೆಗೆ ಹೋಗಿ, ಅಮ್ಮ ಕೊಟ್ಟದ್ದನ್ನು ತಿಂದು, 'ನಿಮ್ಮ ಮಗನನ್ನು ನಾನು ನೋಡಿಕೊಳ್ಳುತ್ತೇನೆ' ಅಂತ ಮಾತು ಕೊಟ್ಟು ಕರೆತರುತ್ತಿದ್ದರು. 17–18ರ ಹುಡುಗ. ಮೊದಲ ವರ್ಷ ಜಿಮ್‌ನಲ್ಲಿ ಮೈ ಬೆಳೆಸುವುದು, ಎರಡನೇ ವರ್ಷ ಅಲ್ಪಸ್ವಲ್ಪ ಆಟ, ಮೂರನೇ ವರ್ಷಕ್ಕೆ ತಂಡದಲ್ಲಿ ಜಾಗ. ನಾಟಿ ಮಾಡಿ, ನೀರು ಹಾಕಿ, ಕಾಯುವ ಕೆಲಸ ಅದು.

ಆ ಪದ್ಧತಿಯಲ್ಲಿ ಒಳ್ಳೆಯದೂ ಇತ್ತು. ಅದರ ಜೊತೆ ದೊಡ್ಡದೊಂದು ಅನ್ಯಾಯವೂ ಇತ್ತು. ಅದನ್ನು ಮೊದಲು ಹೇಳಬೇಕು. ಇವತ್ತಿನ ಗದ್ದಲ ನೋಡಿ ಹಿಂದಿನ ಕಾಲವೇ ಚೆನ್ನಾಗಿತ್ತು ಅನ್ನುವವರು ಜಾಸ್ತಿ ಆಗಿದ್ದಾರೆ.

2018ರ ಅಕ್ಟೋಬರ್‌ವರೆಗೆ ಕಾಲೇಜು ಬದಲಿಸಬೇಕು ಅನ್ನುವ ಆಟಗಾರ ಮೊದಲು ತನ್ನ ಕಾಲೇಜಿನ ಅನುಮತಿ ಕೇಳಬೇಕಿತ್ತು. ಅನುಮತಿ ಇಲ್ಲದೆ ಬೇರೆ ಕಾಲೇಜಿನ ಕೋಚ್ ಅವನ ಜೊತೆ ಮಾತಾಡುವ ಹಾಗಿಲ್ಲ. ಕೋಚ್ ಬೇಕಾದರೆ 'ಈ ಕಾಲೇಜಿಗೆ ಹೋಗು, ಆ ಕಾಲೇಜಿಗೆ ಬೇಡ' ಅಂತ ಪಟ್ಟಿ ಮಾಡಿ ತಡೆಯಬಹುದಿತ್ತು. ನಮ್ಮ ಊರಲ್ಲಿ ರಣಜಿ ಆಟಗಾರ ರಾಜ್ಯ ಬದಲಿಸಲು ಸಂಸ್ಥೆಯಿಂದ ಎನ್‌ಒಸಿ ತರಬೇಕಲ್ಲ, ಕರುಣ್ ನಾಯರ್ 2023ರಲ್ಲಿ ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋದಾಗ ಕೇಳಿದ್ದೀರಿ. ಅದಕ್ಕಿಂತ ಬಿಗಿ ಇದು. ಅನುಮತಿ ಸಿಕ್ಕು ಹೋದರೂ ಹೊಸ ಕಾಲೇಜಿನಲ್ಲಿ ಒಂದು ವರ್ಷ ಸುಮ್ಮನೆ ಕೂರಬೇಕು. ಪ್ರಾಕ್ಟೀಸ್ ಮಾಡಬಹುದು, ಆಡುವ ಹಾಗಿಲ್ಲ.

ಬೇಕರ್ ಮೇಫೀಲ್ಡ್ ಹೆಸರು ನಿಮ್ಮಲ್ಲಿ ಕೆಲವರು ಕೇಳಿರುತ್ತೀರಿ. ಟೆಕ್ಸಸ್ ಟೆಕ್‌ನಲ್ಲಿ ಅವನಿಗೆ ಸ್ಕಾಲರ್‌ಶಿಪ್ಪೇ ಇರಲಿಲ್ಲ. ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರುವವರನ್ನು ಇಲ್ಲಿ ವಾಕ್-ಆನ್ ಅನ್ನುತ್ತಾರೆ. ಅಲ್ಲಿಂದ ಒಕ್ಲಹೋಮಾಗೆ ಹೋದ. 2014ರ ಇಡೀ ಸೀಸನ್ ಬೆಂಚಿನ ಆಚೆ ಕಳೆದ. ಅದರ ಮೇಲೆ ಆಡುವ ಹಕ್ಕಿನಲ್ಲಿ ಒಂದು ವರ್ಷವನ್ನೂ ಕಿತ್ತುಕೊಂಡರು. ಹಳೆ ಕಾಲೇಜು ಅವನಿಗೆ ಒಂದು ಡಾಲರ್ ಸ್ಕಾಲರ್‌ಶಿಪ್ ಕೊಟ್ಟಿಲ್ಲ, ಆದರೂ ಬಿಟ್ಟು ಹೋಗಿದ್ದಕ್ಕೆ ಶಿಕ್ಷೆ! 2016ರಲ್ಲಿ ಅವರ ಕಾನ್ಫರೆನ್ಸ್, ಅಂದರೆ ಒಟ್ಟಿಗೆ ಆಡುವ ಕಾಲೇಜುಗಳ ಗುಂಪು, ನಿಯಮ ಬದಲಿಸಿ ಆ ವರ್ಷ ವಾಪಸ್ ಕೊಟ್ಟಿತು. ಆ ವಾಪಸ್ ಸಿಕ್ಕ ವರ್ಷದಲ್ಲೇ, ಅಂದರೆ 2017ರಲ್ಲಿ, ಅವನು ಹೈಸ್‌ಮನ್ ಟ್ರೋಫಿ ಗೆದ್ದ. ಕಾಲೇಜು ಫುಟ್‌ಬಾಲ್‌ನಲ್ಲಿ ಅದಕ್ಕಿಂತ ದೊಡ್ಡ ಗೌರವ ಇಲ್ಲ.

ಹುಡುಗರಿಗೆ ಹೀಗೆ ಬೀಗ. ಕೋಚ್‌ಗಳಿಗೆ? 2021ರ ನವೆಂಬರ್ ಕೊನೆಯಲ್ಲಿ ಒಕ್ಲಹೋಮಾದ ಕೋಚ್ ಲಿಂಕನ್ ರೈಲಿ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಗೆ ಹೋದರು. ಮರುದಿನವೇ ಬ್ರಯಾನ್ ಕೆಲಿ ನೋಟರ್ ಡೇಮ್ ಬಿಟ್ಟು ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿಗೆ ಹೋಗುವ ಸುದ್ದಿ ಬಂತು. ಅವರನ್ನು ಯಾರೂ ಒಂದು ವರ್ಷ ಮನೆಯಲ್ಲಿ ಕೂರಿಸಲಿಲ್ಲ. 'ನಿಮ್ಮ ಮಗನನ್ನು ನಾನು ನೋಡಿಕೊಳ್ಳುತ್ತೇನೆ' ಅಂತ ಮಾತು ಕೊಟ್ಟವರು ಎದ್ದು ಹೋಗಬಹುದು, ಆ ಮಗ ಮಾತ್ರ ಅಲ್ಲೇ ಇರಬೇಕು. ಇದು 2021ರ ಏಪ್ರಿಲ್‌ಗೆ ಮೊದಲು ಎಷ್ಟೋ ವರ್ಷ ನಡೆದ ಪದ್ಧತಿ. ಇದನ್ನು ಯಾವ ಲೆಕ್ಕದಲ್ಲೂ ಸರಿ ಅನ್ನಲು ನನ್ನಿಂದ ಆಗುವುದಿಲ್ಲ.

ಬೀಗ ಒಂದೊಂದಾಗಿ ಬಿಚ್ಚಿಕೊಂಡಿತು. 2018ರ ಅಕ್ಟೋಬರ್ 15ಕ್ಕೆ ಟ್ರಾನ್ಸ್‌ಫರ್ ಪೋರ್ಟಲ್ ಶುರುವಾಯಿತು. ಹೆಸರು ಕೇಳಿದರೆ ದೊಡ್ಡದು ಅನ್ನಿಸುತ್ತದೆ, ಇರುವುದು ಒಂದು ಹೆಸರುಗಳ ಪಟ್ಟಿ. ಹುಡುಗ ಕಾಲೇಜಿನಲ್ಲಿ ನಿಯಮ ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸಿಗೆ ಲಿಖಿತವಾಗಿ ತಿಳಿಸಬೇಕು. ಅನುಮತಿ ಕೇಳುವುದಲ್ಲ, ತಿಳಿಸುವುದು. ಎರಡು ಕೆಲಸದ ದಿನಗಳ ಒಳಗೆ ಅವರು ಹೆಸರನ್ನು ಪೋರ್ಟಲ್‌ಗೆ ಹಾಕಲೇಬೇಕು. ಹೆಸರು ಬಿದ್ದ ಕ್ಷಣದಿಂದ ಯಾವ ಕಾಲೇಜಿನ ಕೋಚ್ ಬೇಕಾದರೂ ಫೋನ್ ಮಾಡಬಹುದು. 2021ರ ಏಪ್ರಿಲ್‌ನಲ್ಲಿ ಎನ್‌ಸಿಎಎ, ಅಂದರೆ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ, ಒಂದು ಸಲ ಬದಲಿಸಿದರೆ ವರ್ಷ ಕೂರಬೇಕಿಲ್ಲ ಅಂತ ನಿಯಮ ಮಾಡಿತು. ಅದೇ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಹಣ ಮಾಡಲು ಅವಕಾಶ ಸಿಕ್ಕಿತು. 2023ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜಿನಿಯಾದ ಫೆಡರಲ್ ಕೋರ್ಟ್ ಎರಡನೇ, ಮೂರನೇ ಸಲ ಹೋಗುವವರನ್ನೂ ತಡೆಯಬೇಡಿ ಅಂದಿತು. 2024ರ ಏಪ್ರಿಲ್‌ಗೆ ಎನ್‌ಸಿಎಎ ಸೋತು ಒಪ್ಪಿಕೊಂಡಿತು. ಓದಿನಲ್ಲಿ ಪಾಸಾಗುತ್ತಿದ್ದರೆ ಸಾಕು, ಎಷ್ಟು ಸಲ ಬೇಕಾದರೂ ಹೋಗಬಹುದು. 2025ರ ಜುಲೈ 1ರಿಂದ ಇನ್ನೊಂದು ಹೆಜ್ಜೆ. ಆಟಗಾರರು ಹೂಡಿದ್ದ ಕೇಸಿನಲ್ಲಿ ಕೋರ್ಟ್ ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ 2.05 ಕೋಟಿ ಡಾಲರ್ ಮಿತಿ. ದೊಡ್ಡ ಕಾಲೇಜುಗಳಲ್ಲಿ ಅದರ ಬಹುಪಾಲು ಹೋಗುವುದು ಫುಟ್‌ಬಾಲ್‌ಗೇ.

ಈ ಬಾಗಿಲು ತೆರೆದಿದ್ದರಿಂದ ಯಾರು ಯಾರು ಹೊರಗೆ ಬಂದರು ನೋಡಿ. ಇದು ನನಗೆ ತುಂಬ ಸಂತೋಷ ಕೊಡುವ ಭಾಗ.

ನಮ್ಮ ಫರ್ನಾಂಡೊ ಮೆಂಡೋಜಾ. ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡವನ್ನು ಆಡಿಸುವವನು. ಮಯಾಮಿಯ ಹುಡುಗ, ಕ್ಯೂಬಾದಿಂದ ಬಂದ ಕುಟುಂಬ. ಹೈಸ್ಕೂಲು ಮುಗಿಸುವಾಗ ಅವನಿಗೆ ಸಿಕ್ಕಿದ್ದು ಎರಡು ಸ್ಟಾರ್. ಹೈಸ್ಕೂಲು ಹುಡುಗರಿಗೆ ಐದರವರೆಗೆ ಸ್ಟಾರ್ ಕೊಡುತ್ತಾರೆ, ಎರಡು ಅಂದರೆ ದೊಡ್ಡ ತಂಡಗಳು ತಿರುಗಿಯೂ ನೋಡುವುದಿಲ್ಲ. ಯೇಲ್‌ಗೆ ಹೋಗುವುದು ಅಂತ ಆಗಿತ್ತು. ಕೊನೆಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸೀಟು ಸಿಕ್ಕಿತು. ಅಲ್ಲಿ ಮೂರು ವರ್ಷದಲ್ಲಿ ಬಿಸಿನೆಸ್ ಡಿಗ್ರಿ ಮುಗಿಸಿ, ಪೋರ್ಟಲ್ ಮೂಲಕ ಇಂಡಿಯಾನಾಗೆ ಬಂದ. ಅವನ ತಮ್ಮ ಆಗಲೇ ಇಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಮೊದಲ ಸೀಸನ್‌ನಲ್ಲೇ ಹೈಸ್‌ಮನ್. ಫೈನಲ್ ನಡೆದದ್ದು ಅವನು ಬೆಳೆದ ಊರಿನ ಪಕ್ಕದಲ್ಲೇ, ಆ ಊರಿನ ಯೂನಿವರ್ಸಿಟಿಯ ವಿರುದ್ಧವೇ. ಕೊನೆಯ ಕ್ವಾರ್ಟರ್, ನಾಲ್ಕನೇ ಡೌನ್, ಅಂದರೆ ಚೆಂಡು ಮುಂದೆ ಒಯ್ಯಲು ಉಳಿದ ಕೊನೆಯ ಅವಕಾಶ. ಚೆಂಡು ಎಸೆಯುತ್ತಾನೆ ಅಂತ ಎಲ್ಲರೂ ಕಾದರೆ, ತಾನೇ ಚೆಂಡು ಹಿಡಿದು ಒಳಗೆ ನುಗ್ಗಿದ. ಏಟು ತಿಂದು, ತಿರುಗಿ, ಮೈ ಚಾಚಿ ಗೆರೆ ದಾಟಿದ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಯಾರೂ ಕೂತಿರಲಿಲ್ಲ. ನಿಮ್ಮ ಮನೆಯಲ್ಲೂ ಅಷ್ಟೇ ಅಲ್ವಾ? ಎದುರು ತಂಡದ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಬೆಕ್ ಕೂಡ ಜಾರ್ಜಿಯಾದಿಂದ ಮಯಾಮಿಗೆ ಬಂದವನು. ಫೈನಲ್‌ನ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳೂ ಟಿ.ಸಿ. ತಗೊಂಡವರೇ.

ಕ್ಯಾಮ್ ವಾರ್ಡ್ ಅಂತ ಇನ್ನೊಬ್ಬ. ಟೆಕ್ಸಸ್‌ನ ಚಿಕ್ಕ ಊರಿನ ಹೈಸ್ಕೂಲು. ಅವನ ತಂಡ ಚೆಂಡು ಎಸೆಯುವುದೇ ಕಡಿಮೆ, ಓಡಿಯೇ ಆಡುವ ತಂಡ. ಎಸೆಯುವ ಕೈ ಇದ್ದರೂ ತೋರಿಸುವುದು ಎಲ್ಲಿ? ಇನ್‌ಕಾರ್ನೇಟ್ ವರ್ಡ್ ಅನ್ನುವ ಸಣ್ಣ ಕಾಲೇಜು ಕರೆಯಿತು. ಅಲ್ಲಿಂದ ವಾಷಿಂಗ್ಟನ್ ಸ್ಟೇಟ್, ಅಲ್ಲಿಂದ ಮಯಾಮಿ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಹೊಸ ಆಟಗಾರರನ್ನು ಆರಿಸುವ 2025ರ ಡ್ರಾಫ್ಟ್‌ನಲ್ಲಿ ಅವನೇ ಮೊದಲ ಆಯ್ಕೆ. ಡಿಯೇಗೊ ಪಾವಿಯಾ ನ್ಯೂ ಮೆಕ್ಸಿಕೊದ ಜೂನಿಯರ್ ಕಾಲೇಜಿನಲ್ಲಿ ಶುರು ಮಾಡಿ, ನ್ಯೂ ಮೆಕ್ಸಿಕೊ ಸ್ಟೇಟ್‌ಗೆ ಹೋಗಿ, ಅಲ್ಲಿಂದ ವ್ಯಾಂಡರ್‌ಬಿಲ್ಟ್‌ಗೆ ಬಂದ. ವ್ಯಾಂಡರ್‌ಬಿಲ್ಟ್ ಅಂದರೆ ಓದಿಗೆ ಹೆಸರುವಾಸಿ, ಫುಟ್‌ಬಾಲ್‌ನಲ್ಲಿ ಸೋತೇ ಅಭ್ಯಾಸ ಆಗಿತ್ತು. 2024ರ ಅಕ್ಟೋಬರ್ 5ರಂದು ಅವರು ದೇಶದ ನಂಬರ್ ಒನ್ ತಂಡ ಅಲಬಾಮಾವನ್ನು 40–35ರಲ್ಲಿ ಸೋಲಿಸಿದರು. ವಿದ್ಯಾರ್ಥಿಗಳು ಗೋಲ್‌ಪೋಸ್ಟ್ ಕಿತ್ತು, ಹೆಗಲ ಮೇಲೆ ಹೊತ್ತು, ನ್ಯಾಶ್‌ವಿಲ್ ಬೀದಿಯಲ್ಲಿ ಮೆರವಣಿಗೆ ಮಾಡಿ, ಕಂಬರ್‌ಲೆಂಡ್ ನದಿಗೆ ಹಾಕಿದರು. ಗಣಪತಿ ಬಿಟ್ಟ ಹಾಗೆ.

17ನೇ ವಯಸ್ಸಿನಲ್ಲಿ ಯಾರ ಕಣ್ಣಿಗೂ ಬೀಳದ ಹುಡುಗ 21ಕ್ಕೆ ತನ್ನ ಕೈಯಲ್ಲಿ ಏನಿದೆ ಅಂತ ತೋರಿಸಬಹುದು. ನಾನು ಹೈಸ್ಕೂಲಿನಲ್ಲಿ ಮ್ಯಾಥ್ಸ್ ಹೇಳಿಕೊಡುವವನು. ತಡವಾಗಿ ಅರಳುವ ಮಕ್ಕಳು ಎಷ್ಟು ಜನ ಅಂತ ನನಗೆ ಗೊತ್ತು. ಅವರಿಗೆ ಎರಡನೇ ಸಲ ಬಾಗಿಲು ತೆರೆಯುವ ಯಾವ ಪದ್ಧತಿಗೂ ನನ್ನ ಬೆಂಬಲ ಇದೆ.

ಈಗ ಕೋಚ್‌ಗಳ ಕಡೆಯಿಂದ ನೋಡೋಣ.

ಕರ್ಟ್ ಸಿಗ್ನೆಟ್ಟಿ 2023ರ ಕೊನೆಯಲ್ಲಿ ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿಯಿಂದ ಇಂಡಿಯಾನಾಗೆ ಬಂದರು. ಬರುವಾಗ ಅಲ್ಲಿನ 13 ಆಟಗಾರರು ಹಿಂದೆಯೇ ಬಂದರು. ಏಡನ್ ಫಿಶರ್, ಡಿ'ಏಂಜೆಲೊ ಪಾಂಡ್ಸ್, ಎಲೈಜಾ ಸ್ಯಾರಟ್, ಈ ಹೆಸರುಗಳೆಲ್ಲ ಹಿಂದಿನ ಸಾಲಿನ ಮಕ್ಕಳ ಬಾಯಲ್ಲಿವೆ. ಹುಡುಗ ಮುಂದೆ ಏನಾಗಬಹುದು ಅನ್ನುವುದಕ್ಕಿಂತ ಈಗಾಗಲೇ ಏನು ಮಾಡಿದ್ದಾನೆ ಅನ್ನುವುದನ್ನು ನೋಡಿ ಆರಿಸುವುದು ಸಿಗ್ನೆಟ್ಟಿಯವರ ರೀತಿ. 2024ರಲ್ಲಿ 11 ಗೆಲುವು. ಮರುವರ್ಷ ಚಾಂಪಿಯನ್.

ಇದನ್ನು ನೋಡಿದ ಮೇಲೆ ಬೇರೆ ಕೋಚ್ ಏನು ಯೋಚನೆ ಮಾಡುತ್ತಾನೆ? ಎರಡು ವರ್ಷ ಸೋತರೆ ಅವನ ಕೆಲಸ ಹೋಗುತ್ತದೆ. ಅವನ ಮೇಜಿನ ಮೇಲೆ ಎರಡು ಹೆಸರು. ಒಬ್ಬ 17ರ ಹೈಸ್ಕೂಲು ಹುಡುಗ. ಒಳ್ಳೆ ಕಾಲು, ಒಳ್ಳೆ ಬುದ್ಧಿ, ಆದರೆ ಮೈ ಇನ್ನೂ ತುಂಬಿಲ್ಲ. ತಯಾರಾಗಲು ಎರಡು ಮೂರು ವರ್ಷ ಬೇಕು. ತಯಾರಾದ ಮೇಲೆ ಅವನು ಪೋರ್ಟಲ್‌ಗೆ ಹೋಗಿ ಇನ್ನೊಬ್ಬರ ಪಾಲಾಗಬಹುದು. ಇನ್ನೊಬ್ಬ 22 ವರ್ಷದವನು. ಎರಡು ಸೀಸನ್ ಆಡಿದ್ದಾನೆ, ದೊಡ್ಡವರ ಎದುರು ಆಡಿದ ವಿಡಿಯೊ ಇದೆ, ಈ ಸೆಪ್ಟೆಂಬರ್‌ಗೇ ಮೈದಾನಕ್ಕೆ ಇಳಿಸಬಹುದು. ಸಾಲದ್ದಕ್ಕೆ, 2020ರ ಕೋವಿಡ್ ಸೀಸನ್ ಯಾರ ಲೆಕ್ಕಕ್ಕೂ ಸೇರಲಿಲ್ಲ. ಎಲ್ಲರಿಗೂ ಒಂದು ವರ್ಷ ಹೆಚ್ಚಿಗೆ ಸಿಕ್ಕಿತು. 23, 24 ವರ್ಷದ ಆಟಗಾರರು ಕಾಲೇಜಿನಲ್ಲೇ ಉಳಿದರು. ಹಿಂದೆ ಒಂದು ವರ್ಷಕ್ಕೆ 25 ಹೊಸ ಸ್ಕಾಲರ್‌ಶಿಪ್ ಅನ್ನುವ ಮಿತಿ ಇತ್ತು, ಅದನ್ನೂ ತೆಗೆದರು. ಈಗ ಕೋಚ್ ಮನಸ್ಸು ಮಾಡಿದರೆ ಒಂದೇ ಚಳಿಗಾಲದಲ್ಲಿ ಅರ್ಧ ತಂಡ ಬದಲಿಸಬಹುದು. 2023ರಲ್ಲಿ ಕೊಲರಾಡೊದಲ್ಲಿ ಹೊಸ ಕೋಚ್ ಡಿಯಾನ್ ಸ್ಯಾಂಡರ್ಸ್ ಅದಕ್ಕಿಂತ ಜಾಸ್ತಿಯೇ ಬದಲಿಸಿದರು.

ಆಫೀಸುಗಳೂ ಬದಲಾಗಿವೆ. ವೃತ್ತಿಪರ ತಂಡಗಳ ಹಾಗೆ ಕಾಲೇಜು ತಂಡಗಳಿಗೂ ಜನರಲ್ ಮ್ಯಾನೇಜರ್ ಬಂದಿದ್ದಾರೆ. ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನಲ್ಲಿ ಆಡಿದ್ದ ಆಂಡ್ರೂ ಲಕ್ 2024ರ ನವೆಂಬರ್‌ನಿಂದ ಸ್ಟ್ಯಾನ್‌ಫರ್ಡ್‌ನಲ್ಲಿ ಆ ಕೆಲಸದಲ್ಲಿದ್ದಾರೆ. ಯಾರಿಗೆ ಎಷ್ಟು ಕೊಡಬೇಕು, ಪೋರ್ಟಲ್‌ಗೆ ಅಂತ ಎಷ್ಟು ಉಳಿಸಬೇಕು, ಇದೆಲ್ಲ ಲೆಕ್ಕ. ಆ ಲೆಕ್ಕದಲ್ಲಿ ಯಾವಾಗಲೂ ಮೊದಲು ಹೊಡೆದು ಹಾಕುವ ಸಾಲು ಒಂದಿದೆ. ಎರಡು ಸ್ಟಾರ್, ಮೂರು ಸ್ಟಾರ್‌ನ ಹೈಸ್ಕೂಲು ಹುಡುಗನ ಸಾಲು.

ಅಂಥ ಒಬ್ಬ ಹುಡುಗನ ಬಗ್ಗೆ ಹೇಳುತ್ತೇನೆ. ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ. ನನ್ನ ತರಗತಿಯಲ್ಲಿ ಕೊನೆ ಬೆಂಚಿನ ಹುಡುಗ. ಆರಡಿ ನಾಲ್ಕಂಗುಲ. ಬೆಂಚು ಅವನಿಗೆ ಸಾಲುವುದಿಲ್ಲ, ಕಾಲನ್ನು ಪಕ್ಕದ ದಾರಿಗೆ ಚಾಚಿ ಕೂರುತ್ತಾನೆ. ತಂಡದಲ್ಲಿ ಲೈನ್‌ಮನ್. ಚೆಂಡು ಮುಟ್ಟದ, ಟಿವಿಯಲ್ಲಿ ಹೆಸರು ಬರದ ಜಾಗ. ಎದುರಿನವರನ್ನು ತಡೆದು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವುದು ಅವನ ಕೆಲಸ. ಅಮ್ಮ ಒಬ್ಬರೇ, ಗೋಡೌನ್‌ನಲ್ಲಿ ರಾತ್ರಿ ಪಾಳಿ. ಎರಡು ವರ್ಷದ ಹಿಂದೆ ಒಂದು ಕಾಲೇಜಿನವರು ಅವನಿಗೆ ಆಫರ್ ಕೊಟ್ಟರು. ಪೂರ್ತಿ ಸ್ಕಾಲರ್‌ಶಿಪ್. ಬಾಯಿಮಾತಿನ ಆಫರ್. ಇಲ್ಲಿ ಎಲ್ಲರೂ ಹಾಗೆಯೇ ಕೊಡುವುದು, ಸಹಿ ಬೀಳುವುದು ಡಿಸೆಂಬರ್‌ನಲ್ಲಿ. ಆ ಕಾಲೇಜಿನ ಟೋಪಿಯನ್ನು ಅವನು ಬ್ಯಾಗಿಗೆ ಸಿಕ್ಕಿಸಿಕೊಂಡು ಬರುತ್ತಿದ್ದ. ತರಗತಿಯಲ್ಲಿ ಟೋಪಿ ಹಾಕುವ ಹಾಗಿಲ್ಲ, ಅದಕ್ಕೆ.

ಕಳೆದ ನವೆಂಬರ್‌ನಲ್ಲಿ ಅವನಿಗೆ ಫೋನ್ ಬಂತು. 'ಈ ವರ್ಷ ಹೈಸ್ಕೂಲಿನಿಂದ ಲೈನ್‌ಮನ್ ತಗೊಳ್ಳುತ್ತಿಲ್ಲ. ಜನವರಿಗೆ ಜಾಗ ಉಳಿಸಿಕೊಳ್ಳುತ್ತಿದ್ದೇವೆ. ಬೇಕಾದರೆ ವಾಕ್-ಆನ್ ಆಗಿ ಬಾ.' ಜನವರಿಗೆ ಅಂದರೆ ಪೋರ್ಟಲ್‌ಗೆ. 2026ರಲ್ಲಿ ಪೋರ್ಟಲ್ ತೆರೆದದ್ದು ಜನವರಿ 2ರಿಂದ 16ರವರೆಗೆ. ನವೆಂಬರ್‌ನಲ್ಲಿ ಆ ಪಟ್ಟಿಯೇ ಹುಟ್ಟಿರಲಿಲ್ಲ. ಅಂದರೆ ಅವನ ಸೀಟು ಹೋದದ್ದು ಇಂಥವನಿಗೆ ಅಂತ ಹೇಳಲೂ ಆಗುವುದಿಲ್ಲ. ಇನ್ನೂ ತನ್ನ ಕಾಲೇಜು ಬಿಡುವುದೋ ಬೇಡವೋ ಅಂತ ಯೋಚಿಸುತ್ತಿದ್ದ ಯಾವನೋ ಒಬ್ಬನಿಗೆ.

ಮರುದಿನ ಶಾಲೆ ಬಿಟ್ಟ ಮೇಲೆ ನನ್ನ ಕೋಣೆಗೆ ಬಂದ. ಬ್ಯಾಗಿನಲ್ಲಿ ಟೋಪಿ ಇರಲಿಲ್ಲ. ಒಂದು ಹಾಳೆ ತೆಗೆದು ಮೇಜಿನ ಮೇಲೆ ಇಟ್ಟ. ವಾಕ್-ಆನ್ ಆಗಿ ಹೋದರೆ ಎಷ್ಟು ಖರ್ಚು ಅಂತ ಬರೆದಿದ್ದ. ಫೀಸು, ಹಾಸ್ಟೆಲ್, ಊಟ, ಪುಸ್ತಕ. ಕೆಳಗೆ 28,000 ಡಾಲರ್ ಅಂತ ಗೆರೆ ಎಳೆದು ಬರೆದಿದ್ದ. ವರ್ಷಕ್ಕೆ. 'ಕೂಡಿದ್ದು ಸರಿ ಇದೆಯಾ ನೋಡಿ' ಅಂದ. ನಾನು ಎರಡು ಸಲ ಕೂಡಿದೆ. ತಪ್ಪು ಸಿಗಲಿ ಅಂತ ಕೂಡಿದೆ. ಸರಿಯಾಗಿಯೇ ಇತ್ತು.

ವಾಕ್-ಆನ್ ಜಾಗವೂ ಈಗ ಮೊದಲಿನಷ್ಟು ಸುಲಭವಿಲ್ಲ. ಹಿಂದೆ 85 ಸ್ಕಾಲರ್‌ಶಿಪ್ ಬಿಟ್ಟು ಮೇಲೆ ಎಷ್ಟು ಜನ ಬೇಕಾದರೂ ತಂಡದಲ್ಲಿ ಇರಬಹುದಿತ್ತು. ಈಗ ಆ ರಾಜಿಗೆ ಒಪ್ಪಿದ ಕಾಲೇಜುಗಳಲ್ಲಿ ಒಟ್ಟು ತಂಡವೇ 105 ಜನ. ದುಡ್ಡು ಕೊಟ್ಟು ಓದುತ್ತಾ, ಪ್ರಾಕ್ಟೀಸ್‌ಗೆ ಬಂದು, ನಿಧಾನಕ್ಕೆ ಜಾಗ ಗಿಟ್ಟಿಸುತ್ತಿದ್ದ ಹುಡುಗರ ದಾರಿ ಕಿರಿದಾಗಿದೆ. ಬೇಕರ್ ಮೇಫೀಲ್ಡ್ ಬಂದದ್ದು ಆ ದಾರಿಯಲ್ಲೇ ಅನ್ನುವುದು ನೆನಪಿರಲಿ.

ಪೋರ್ಟಲ್‌ಗೆ ಇಳಿದವರೆಲ್ಲ ದಡ ಸೇರುತ್ತಾರೆ ಅಂತಲೂ ಇಲ್ಲ. ಹೆಸರು ಹಾಕಿದ ಮೇಲೆ ಹಳೆ ಕಾಲೇಜು ಆ ಅವಧಿ ಮುಗಿದ ಕೂಡಲೇ ಸ್ಕಾಲರ್‌ಶಿಪ್ ನಿಲ್ಲಿಸಬಹುದು. ಹೊಸ ಕಾಲೇಜು ಕರೆಯದಿದ್ದರೆ ಎರಡೂ ಇಲ್ಲ. ಮೆಂಡೋಜಾ ಹೆಸರು ನಮಗೆ ಗೊತ್ತು. ಪ್ರತಿ ವರ್ಷ ಪಟ್ಟಿಯಲ್ಲೇ ಉಳಿದುಹೋಗುವವರ ಹೆಸರು ಯಾರಿಗೂ ಗೊತ್ತಾಗುವುದಿಲ್ಲ.

ಓದಿನ ವಿಷಯ ನನ್ನ ಹೊಟ್ಟೆಯ ಸಂಕಟ. ಒಂದು ಕಾಲೇಜಿನ ಕ್ರೆಡಿಟ್, ಅಂದರೆ ಪಾಸಾದ ಕೋರ್ಸುಗಳ ಲೆಕ್ಕ, ಎಲ್ಲವನ್ನೂ ಇನ್ನೊಂದು ಕಾಲೇಜು ಒಪ್ಪುವುದಿಲ್ಲ. ಒಪ್ಪಿದರೂ 'ನಮ್ಮ ಡಿಗ್ರಿಗೆ ಇದು ಲೆಕ್ಕಕ್ಕಿಲ್ಲ' ಅನ್ನುತ್ತದೆ. ಆದರೆ ಆಡಬೇಕಾದರೆ ಮೂರನೇ ವರ್ಷದ ಹೊತ್ತಿಗೆ ಡಿಗ್ರಿಯ ಶೇ. 40, ನಾಲ್ಕಕ್ಕೆ ಶೇ. 60, ಐದಕ್ಕೆ ಶೇ. 80 ಭಾಗ ಮುಗಿದಿರಬೇಕು. ಆಗ ಏನಾಗುತ್ತದೆ? ಎಂಜಿನಿಯರಿಂಗ್ ಓದುತ್ತಿದ್ದವನು ಯಾವ ಡಿಗ್ರಿಗೆ ಹಳೆ ಕ್ರೆಡಿಟ್ ಜಾಸ್ತಿ ಹೊಂದುತ್ತದೋ ಅದಕ್ಕೆ ಸೇರಿಕೊಳ್ಳುತ್ತಾನೆ. ಮೂರು ಕಾಲೇಜು ತಿರುಗಿದವನ ಅಂಕಪಟ್ಟಿ ಕೌದಿಯ ಹಾಗಾಗುತ್ತದೆ. ಈ ಸಾವಿರಾರು ಹುಡುಗರಲ್ಲಿ ಎನ್‌ಎಫ್‌ಎಲ್‌ಗೆ ಹೋಗುವವರು ಬೆರಳೆಣಿಕೆ. ಉಳಿದವರಿಗೆ 23ನೇ ವಯಸ್ಸಿಗೆ ಕೈಯಲ್ಲಿರುವುದು ಆ ಅಂಕಪಟ್ಟಿಯೇ. ಡಿಗ್ರಿ ಮುಗಿಸಿಕೊಂಡು ಬಂದ ಮೆಂಡೋಜಾ ಈ ವಿಷಯದಲ್ಲೂ ನನಗೆ ಇಷ್ಟ.

ತಂಡಗಳಿಗೂ ಇದು ಯಾವಾಗಲೂ ವರವಲ್ಲ. ಫ್ಲೋರಿಡಾ ಸ್ಟೇಟ್ 2023ರಲ್ಲಿ ಪೋರ್ಟಲ್‌ನ ಹುಡುಗರನ್ನು ಇಟ್ಟುಕೊಂಡು ಮೊದಲ 13 ಆಟ ಸೋಲಿಲ್ಲದೆ ಗೆದ್ದಿತು. ಅವರೆಲ್ಲ ಹೋದ ಮೇಲೆ ಮತ್ತೆ ಪೋರ್ಟಲ್‌ನಿಂದಲೇ ತುಂಬಿಕೊಂಡರು. 2024ರಲ್ಲಿ ಗೆದ್ದದ್ದು ಎರಡೇ ಆಟ. ಕೆಳಗಿನಿಂದ ಬೆಳೆಸಿದವರು ಇಲ್ಲದಿದ್ದರೆ ಹೀಗೂ ಆಗುತ್ತದೆ. ಜೇಮ್ಸ್ ಮ್ಯಾಡಿಸನ್ ಕಥೆ ನನ್ನನ್ನು ಇನ್ನೂ ಕಾಡುತ್ತದೆ. ಕೋಚ್ ಹೋದರು, 13 ಹುಡುಗರು ಹೋದರು. ಅವರು ಅಳುತ್ತಾ ಕೂರಲಿಲ್ಲ. ಹೊಸ ಕೋಚ್ ಬಾಬ್ ಚೆಸ್ನಿ ಮತ್ತೆ ತಂಡ ಕಟ್ಟಿ, 2025ರಲ್ಲಿ ದೇಶದ 12 ತಂಡಗಳ ಪ್ಲೇಆಫ್‌ಗೆ ಕರೆದೊಯ್ದರು. ಅಷ್ಟು ಹೊತ್ತಿಗೆ ಚೆಸ್ನಿಯವರನ್ನೂ ಲಾಸ್ ಏಂಜಲೀಸ್‌ನ ದೊಡ್ಡ ಯೂನಿವರ್ಸಿಟಿ ಯುಸಿಎಲ್‌ಎ ಕರೆದುಕೊಂಡಿತು. ಬಿತ್ತುವವರು ಅವರು, ಕೊಯ್ಯುವವರು ಬೇರೆ. ನಮ್ಮ ತಂಡದ ಗೆಲುವಿನಲ್ಲಿ ಆ ಕಾಲೇಜಿನ ಬೆವರೂ ಇದೆ. ಅದನ್ನು ಇಂಡಿಯಾನಾದವರಾಗಿ ನಾವು ಬಾಯಿಬಿಟ್ಟು ಹೇಳಬೇಕು.

ಊಟದ ಹೊತ್ತಿನಲ್ಲಿ ಹಿರಿಯರೊಬ್ಬರು, 'ಮೇಷ್ಟ್ರೇ, ಇದು ನಮ್ಮ ಐಪಿಎಲ್ ಹರಾಜಿನ ಥರ ಅಲ್ವಾ?' ಅಂದರು. ಹೋಲಿಕೆ ಸುಲಭಕ್ಕೆ ಹೊಳೆಯುತ್ತದೆ ರಾಯರೇ, ಆದರೆ ದೊಡ್ಡ ವ್ಯತ್ಯಾಸ ಇದೆ. ಹರಾಜಿನಲ್ಲಿ ಎಲ್ಲರ ಎದುರು ಕೂಗುತ್ತಾರೆ, ಬೆಲೆ ಎಲ್ಲರಿಗೂ ಗೊತ್ತಾಗುತ್ತದೆ, ಯಾವ ತಂಡ ಅನ್ನುವುದು ಆಟಗಾರನ ಕೈಯಲ್ಲಿ ಇಲ್ಲ. ಇಲ್ಲಿ ಆರಿಸುವವನು ಹುಡುಗನೇ. ಬೆಲೆ ಮಾತ್ರ ಗುಟ್ಟು. ಪಕ್ಕದವನಿಗೆ ಎಷ್ಟು ಸಿಕ್ಕಿತು ಅಂತ ತಿಳಿಯದೆ, ಎರಡು ವಾರದ ಒಳಗೆ, 20 ವರ್ಷದ ಹುಡುಗ ಜೀವನದ ನಿರ್ಧಾರ ಮಾಡಬೇಕು. 2024ರಲ್ಲಿ ಲಾಸ್ ವೇಗಸ್‌ನ ನೆವಾಡಾ ಯೂನಿವರ್ಸಿಟಿಯ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಲೂಕಾ ಮೂರು ಆಟ ಗೆದ್ದ ಮೇಲೆ ತಂಡ ಬಿಟ್ಟ. ಕೊಡುತ್ತೇವೆ ಅಂದ ಹಣ ಬರಲಿಲ್ಲ ಅನ್ನುವುದು ಅವನ ಕಡೆಯವರ ಮಾತು, ಅಂಥ ಒಪ್ಪಂದವೇ ಆಗಿರಲಿಲ್ಲ ಅನ್ನುವುದು ಇನ್ನೊಂದು ಕಡೆಯ ಮಾತು. ಬಾಯಿಮಾತಿನ ಮೇಲೆ ನಡೆಯುವ ವ್ಯವಹಾರದಲ್ಲಿ ಇದೆಲ್ಲ ಇದ್ದದ್ದೇ.

ಹಾಗಾದರೆ ಬಾಗಿಲು ಮತ್ತೆ ಮುಚ್ಚಬೇಕಾ? ಖಂಡಿತ ಬೇಡ. ಕಾಲೇಜು ಬದಲಿಸುವ ಹಕ್ಕು ಇಲ್ಲಿನ ಬೇರೆ ಎಲ್ಲ ವಿದ್ಯಾರ್ಥಿಗೂ ಇದೆ. ಚೆಂಡು ಹಿಡಿದವನಿಗೆ ಮಾತ್ರ ಇರಬಾರದು ಅನ್ನಲು ಆಗುವುದಿಲ್ಲ. ನಾನು ಕೇಳುವುದು ಬೇರೆ. ಹುಡುಗನಿಗೆ ಹೋಗುವ ಸ್ವಾತಂತ್ರ್ಯ ಕೊಟ್ಟ ಹಾಗೆ ಕಾಲೇಜಿಗೆ ಮಾತು ಉಳಿಸಿಕೊಳ್ಳುವ ಹೊಣೆಯನ್ನೂ ಕೊಡಿ. ಹೈಸ್ಕೂಲಿನ ಕೊನೆಯ ವರ್ಷ ಶುರುವಾಗುವ ಹೊತ್ತಿಗೆ ಆಫರ್ ಕಾಗದದ ಮೇಲೆ ಬರಲಿ. ಬಂದ ಮೇಲೆ ಹಿಂದಕ್ಕೆ ತಗೊಂಡರೆ ಆ ಸ್ಕಾಲರ್‌ಶಿಪ್ ಹಣವನ್ನು ಹುಡುಗ ಎಲ್ಲೇ ಓದಿದರೂ ಕಾಲೇಜು ಕಟ್ಟಲಿ. ಪ್ರತಿ ವರ್ಷ ಇಷ್ಟು ಜಾಗ ಹೈಸ್ಕೂಲಿನವರಿಗೆ ಅಂತ ಇರಲಿ. ಟ್ರಾನ್ಸ್‌ಫರ್ ಆಗಿ ಬರುವವನಿಗೆ ಸಹಿ ಹಾಕುವ ಮೊದಲೇ ಯಾವ ಕ್ರೆಡಿಟ್ ಉಳಿಯುತ್ತದೆ, ಯಾವುದು ಹೋಗುತ್ತದೆ ಅಂತ ಬರೆದು ಕೊಡಲಿ. ಇದರಲ್ಲಿ ಯಾವುದೂ ಆಗದ ಕೆಲಸ ಅಲ್ಲ. 2.05 ಕೋಟಿ ಡಾಲರ್ ಹಂಚುವ ಲೆಕ್ಕ ಬರುವವರಿಗೆ ಈ ಲೆಕ್ಕವೂ ಬರುತ್ತದೆ.

ನಮ್ಮ ಮಕ್ಕಳಲ್ಲಿ ಫುಟ್‌ಬಾಲ್ ಆಡುವವರು ಕಡಿಮೆ, ನಿಜ. ಆದರೆ ಈ ನಿಯಮಗಳಲ್ಲಿ ಹೆಚ್ಚಿನವು ಟೆನಿಸ್, ಈಜು, ಗಾಲ್ಫ್, ಟ್ರ್ಯಾಕ್ ಎಲ್ಲಕ್ಕೂ ಅನ್ವಯಿಸುತ್ತವೆ. ಅಲ್ಲಿ ನಮ್ಮ ಮಕ್ಕಳು ಇದ್ದಾರೆ. ಯಾರಾದರೂ ಕೋಚ್ ಫೋನಿನಲ್ಲಿ ಮಾತು ಕೊಟ್ಟರೆ, ದಯವಿಟ್ಟು 'ಕಾಗದ ಯಾವಾಗ ಬರುತ್ತದೆ' ಅಂತ ಕೇಳಿ. ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ಬೇಡ.

ಆ ಹುಡುಗನ ವಿಷಯ ಹೇಳಿ ನಿಲ್ಲಿಸುತ್ತೇನೆ. ಫೆಬ್ರವರಿಯಲ್ಲಿ ಅವನು ಇದೇ ರಾಜ್ಯದ ಸಣ್ಣ ಕಾಲೇಜೊಂದಕ್ಕೆ ಸಹಿ ಹಾಕಿದ. ಅರ್ಧದಷ್ಟು ಸ್ಕಾಲರ್‌ಶಿಪ್. ಶಾಲೆಯ ಲೈಬ್ರರಿಯಲ್ಲಿ ಮೇಜು ಹಾಕಿದ್ದರು. ಅವನ ಅಮ್ಮ ರಾತ್ರಿ ಪಾಳಿ ಮುಗಿಸಿ, ಆ ಬಟ್ಟೆಯಲ್ಲೇ ಬಂದು ಪಕ್ಕದಲ್ಲಿ ಕೂತಿದ್ದರು. ಫೋಟೊ ಎಲ್ಲ ಆಯಿತು. ಮರುದಿನ ಅವನು ಮತ್ತೆ ನನ್ನ ಕೋಣೆಗೆ ಬಂದ. ಕೈಯಲ್ಲಿ ಮತ್ತೆ ಒಂದು ಹಾಳೆ. ಎಡಗಡೆ ಹೊಸ ಕಾಲೇಜಿನ ಮ್ಯಾಥ್ಸ್ ಕೋರ್ಸುಗಳು, ಬಲಗಡೆ ಆ ಆಫರ್ ಹಿಂದಕ್ಕೆ ತಗೊಂಡ ಕಾಲೇಜಿನ ಕೋರ್ಸುಗಳು. ಎರಡು ವರ್ಷ ಆದ ಮೇಲೆ ಪೋರ್ಟಲ್‌ಗೆ ಹೋದರೆ ಯಾವ ಯಾವ ಕ್ರೆಡಿಟ್ ಜೊತೆಗೆ ಬರುತ್ತದೆ ಅಂತ ಅವನಿಗೆ ಈಗಲೇ ಗೊತ್ತಾಗಬೇಕಿತ್ತು. ಕುರ್ಚಿ ಎಳೆದುಕೊಂಡ, ಕಾಲನ್ನು ದಾರಿಗೆ ಚಾಚಿದ. ನಾವಿಬ್ಬರೂ ಮೊದಲ ಸಾಲಿನಿಂದ ಶುರು ಮಾಡಿದೆವು.